ವಸತಿ ಭಾಷಾ ಶಿಬಿರ: ಕರಪತ್ರ ಹೇಳದ ಸಂಗತಿಗಳು

ಎರಡು ವಾರದ ವಸತಿ ಶಿಬಿರದಲ್ಲಿ ಹದಿಹರೆಯದವರ ಮಾತಿನ ಅಳುಕು ಕಳೆಯುತ್ತದೆ, ಕಿವಿ ಪಳಗುತ್ತದೆ. ಅಷ್ಟಕ್ಕಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ‘ಒಂದು ಹಂತ ಮೇಲೇರಿಸುತ್ತೇವೆ’ ಎನ್ನುವವರನ್ನು ಮಾತ್ರ ನಂಬಬೇಡಿ. ಭಾಷಾ ಸಾಮರ್ಥ್ಯವನ್ನು ಎ1ರಿಂದ (ಆರಂಭಿಕ) ಸಿ2ವರೆಗೆ (ಅತಿ ಮೇಲಿನ) ಗುರುತಿಸುವ ಯುರೋಪಿನ ಅಳತೆಯಲ್ಲಿ ಒಂದು ಹಂತ ದಾಟಲು ಸುಮಾರು 200 ಗಂಟೆ ಪಾಠ ಬೇಕೆಂಬುದು ಸಾಮಾನ್ಯ ಅಂದಾಜು. ‘ವಾರಕ್ಕೆ 20 ಪಾಠ’ ಎಂದಿದ್ದರೆ ಪಾಠದ ಅವಧಿ ಕೇಳಿ: 45 ನಿಮಿಷವಾದರೆ ವಾರಕ್ಕೆ 15 ಗಂಟೆ, ಎರಡು ವಾರಕ್ಕೆ ಬರೀ 30.

ತರಗತಿಯ ಸರಾಸರಿ ಸಂಖ್ಯೆ ಬೇಡ, ಗರಿಷ್ಠ ಎಷ್ಟೆಂದು ಬರಹದಲ್ಲಿ ಪಡೆಯಿರಿ. ಯಾವ ತರಗತಿಗೆಂದು ನಿರ್ಧರಿಸುವ ಪ್ರವೇಶ ಪರೀಕ್ಷೆ ಬರೀ ಸರಿಯುತ್ತರಕ್ಕೆ ಗುರುತು ಹಾಕುವುದಾಗಿದ್ದರೆ, ವ್ಯಾಕರಣ ಬಲ್ಲ ಆದರೆ ಬಾಯಿ ಬಿಡದ ಹುಡುಗಿ ಮೇಲಿನ ತರಗತಿಗೆ ಹೋಗಿ ಮೂಕಳಾಗುತ್ತಾಳೆ. ತರಗತಿ ಬದಲಿಸಲು ಎಷ್ಟು ದಿನ ಅವಕಾಶವಿದೆ? ಕೋಣೆ ಹಂಚಿಕೆಯೂ ಮುಖ್ಯ. ಒಂದೇ ಮಾತೃಭಾಷೆಯವರನ್ನು ಒಟ್ಟಿಗಿಟ್ಟರೆ ಸಂಜೆಯಿಡೀ ಮನೆಮಾತೇ. ಹಾಗಾದರೆ ವಸತಿಗೆ ಯಾಕೆ ಹಣ ಕೊಡಬೇಕು?

ಕರಪತ್ರದ ಮೇಲೆ ಮಾನ್ಯತೆಯ ಲಾಂಛನ ಯಾರು ಬೇಕಾದರೂ ಅಂಟಿಸಬಹುದು. ಬ್ರಿಟನ್ನಿನ ಶಾಲೆಯಾದರೆ, ಅಲ್ಲಿನ ಇಂಗ್ಲಿಷ್ ಕಲಿಸುವ ಶಾಲೆಗಳಿಗೆ ಮಾನ್ಯತೆ ಕೊಡುವ ಬ್ರಿಟಿಷ್ ಕೌನ್ಸಿಲ್‌ನ ಜಾಲತಾಣದಲ್ಲೇ ಮಾನ್ಯತೆಯ ಪಟ್ಟಿ ಹುಡುಕಿ. ಬೇಸಿಗೆಗೆಂದು ಬಾಡಿಗೆಗೆ ಹಿಡಿದ ಕೇಂದ್ರಕ್ಕೂ ಆ ಮಾನ್ಯತೆ ಅನ್ವಯಿಸುತ್ತದೆಯೇ ಎಂಬುದೂ ಖಚಿತವಾಗಲಿ.

ಹಗಲಿನ ಮೇಲ್ವಿಚಾರಣೆಯ ಬಗ್ಗೆ ಎಲ್ಲರೂ ಚೆನ್ನಾಗಿಯೇ ಹೇಳುತ್ತಾರೆ. ರಾತ್ರಿ ಆ ಮಹಡಿಯಲ್ಲೇ ಮಲಗುವ ಸಿಬ್ಬಂದಿ ಯಾರು, ಅವರ ಪೊಲೀಸ್ ಪರಿಶೀಲನೆ ಆಗಿದೆಯೇ, ಔಷಧಿ ಯಾರ ಸುಪರ್ದಿಯಲ್ಲಿ ಎಂದು ಕೇಳಿ. ಉತ್ತರ ತೊದಲಿದರೆ ಬೇರೆ ಶಿಬಿರ ನೋಡಿ. ವೀಸಾ ಸಿಗದಿದ್ದರೆ ಎಷ್ಟು ಹಣ ಮರಳುತ್ತದೆಂಬ ಷರತ್ತನ್ನು ಮುಂಗಡಕ್ಕೆ ಮೊದಲೇ ಓದಿ.