ಒಬ್ಬನೇ ಕೊಸಾಕ್, ನಾಲ್ಕು ಪ್ರತಿ

‘ಅಲಮೂತ್’ ಅನ್ನುವ ಕಥೆಯನ್ನು ಮೂರು ಸಲ ಓದಿದೆ. ಮೂರು ಸಲವೂ ಬೇರೆ ಬೇರೆ ಪ್ರತಿಯಲ್ಲಿ. ಮೊದಲ ಸಲ ಅರ್ಧಕ್ಕೇ ಬಿಟ್ಟೆ. ಎರಡನೇ ಸಲ ರಾತ್ರಿ ಎರಡು ಗಂಟೆಯವರೆಗೆ ಕೂತು ಮುಗಿಸಿದೆ. ಮೂರನೇ ಸಲ ಕಥೆಗಿಂತ ಅದರ ಅಕ್ಕಪಕ್ಕ ಅಚ್ಚಾಗಿದ್ದನ್ನೇ ಜಾಸ್ತಿ ಹೊತ್ತು ಓದುತ್ತಾ ಕೂತೆ. ಬರೆದವನು ಒಬ್ಬನೇ, ಕಥೆಯೂ ಒಂದೇ. ಪ್ರತಿ ಬದಲಾದ ಹಾಗೆ ಓದೇ ಬದಲಾಯಿತು. ಹಳೆಯ ಪಲ್ಪ್ ಪತ್ರಿಕೆಗಳ ಸಾಹಸ ಕಥೆ ಓದಬೇಕು ಅಂತ ಆಸೆ ಇರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬರೆದವನು ಹೆರಾಲ್ಡ್ ಲ್ಯಾಂಬ್. 1892ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವನು. 1927ರಲ್ಲಿ ಬಂದ ಅವನ ಚೆಂಗೀಸ್ ಖಾನ್ ಜೀವನಚರಿತ್ರೆ ಭಾರೀ ಹೆಸರು ಮಾಡಿತು. ಆಮೇಲೆ ಜನ ಅವನನ್ನು ಇತಿಹಾಸಕಾರ ಅಂತಲೇ ನೆನಪಿಟ್ಟುಕೊಂಡರು. ಅದಕ್ಕೂ ಹತ್ತು ವರ್ಷ ಮೊದಲು, 1917ರಿಂದ, ಅವನು ‘ಅಡ್ವೆಂಚರ್’ ಎಂಬ ಪತ್ರಿಕೆಗೆ ಖ್ಲಿತ್ ಎಂಬ ಕೊಸಾಕ್ ಯೋಧನ ಕಥೆಗಳನ್ನು ಬರೆಯುತ್ತಿದ್ದ. ಕೊಸಾಕರು ಅಂದರೆ ಉಕ್ರೇನ್, ದಕ್ಷಿಣ ರಷ್ಯಾದ ಬಯಲುಗಳ ಕುದುರೆ ಸವಾರ ಯೋಧರು. ಕಾಲ ಹದಿನಾರನೇ ಶತಮಾನದ ಕೊನೆ, ಹದಿನೇಳರ ಶುರು. ಖ್ಲಿತ್ ಹುಡುಗನಲ್ಲ. ಮೀಸೆ ನರೆತಿದೆ, ಓದು ಬರಹ ಬರುವುದಿಲ್ಲ. ವಯಸ್ಸಾದ ಕೊಸಾಕರು ಮಠ ಸೇರಿಕೊಳ್ಳಬೇಕು ಅನ್ನುವ ಪದ್ಧತಿ ಅವನಿಗೆ ಒಗ್ಗುವುದಿಲ್ಲ. ಒಬ್ಬನೇ ಕುದುರೆ ಹತ್ತಿ ಪೂರ್ವಕ್ಕೆ ಹೊರಡುತ್ತಾನೆ. ಸೊಂಟದಲ್ಲಿ ತಲೆಮಾರುಗಳಿಂದ ಬಂದ ಒಂದು ಬಾಗಿದ ಕತ್ತಿ. ಅವನು ಗೆಲ್ಲುವುದು ತೋಳಿನ ಬಲದಿಂದ ಅಷ್ಟಾಗಿ ಅಲ್ಲ, ಎದುರಿಗಿರುವವನ ಮನಸ್ಸನ್ನು ಓದುವುದರಿಂದ. ಮುದುಕನೊಬ್ಬ ಸಾಹಸ ಕಥೆಯ ನಾಯಕ ಆಗಿರುವುದೇ ನನ್ನನ್ನು ಮೊದಲು ಹಿಡಿದಿಟ್ಟಿದ್ದು.

ಪಲ್ಪ್ ಅಂದರೆ ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ. ಆ ಕಾಗದದಲ್ಲಿ ಆಮ್ಲ ಇರುತ್ತದೆ. ವರ್ಷ ಕಳೆದ ಹಾಗೆ ಹಳದಿಯಾಗಿ, ಕಂದಾಗಿ, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಒಳಗಿನ ಕಥೆಗಳು ಮರೆತುಹೋಗಲು ಅವು ಕೆಟ್ಟದಾಗಿದ್ದವು ಅನ್ನುವುದೊಂದೇ ಕಾರಣ ಅಲ್ಲ. ಓದಿ ಎಸೆಯಲು ಅಚ್ಚು ಹಾಕಿದ್ದು, ಎಸೆದರು, ಅಷ್ಟೇ. ನಮ್ಮ ಮನೆಗಳಲ್ಲಿ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕಿತ್ತು ದಾರ ಹಾಕಿ ಹೊಲಿದು ಇಟ್ಟುಕೊಳ್ಳುತ್ತಿದ್ದರಲ್ವಾ? ಹಾಗೆ ಯಾರಾದರೂ ಎತ್ತಿಡದೇ ಹೋಗಿದ್ದರೆ ಇವತ್ತು ನಮಗೆ ಎಷ್ಟೋ ಕಥೆ ಸಿಗುತ್ತಲೇ ಇರಲಿಲ್ಲ.

ನಾನು ಮೊದಲು ಕೊಂಡಿದ್ದು ತೀರಾ ಅಗ್ಗದ ಪ್ರತಿ. ಆರ್ಡರ್ ಬಂದ ಮೇಲೆ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವ ಪ್ರಕಾಶನ. ಹೆಸರು ಬೇಡ. ಮುಖಪುಟದಲ್ಲಿ ಕಥೆಗೆ ಸಂಬಂಧವೇ ಇಲ್ಲದ ಒಂದು ಮರುಭೂಮಿಯ ಫೋಟೋ. ಪೀಠಿಕೆ ಇಲ್ಲ, ಕಥೆ ಯಾವ ಪತ್ರಿಕೆಯಲ್ಲಿ ಯಾವ ವರ್ಷ ಬಂತು ಅನ್ನುವ ಒಂದು ಸಾಲೂ ಇಲ್ಲ. ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಳಗಿನ ಅಕ್ಷರ. ಹಳೆಯ ಪುಟವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಓದಿ ಕೊಟ್ಟಿದ್ದನ್ನು ಯಾರೂ ತಿದ್ದದೆ ಹಾಗೇ ಅಚ್ಚಿಗೆ ಹಾಕಿದ್ದಾರೆ. ಇಂಗ್ಲಿಷಿನ ‘ಎಲ್’ ಮತ್ತು ‘ಐ’ ಪಕ್ಕಪಕ್ಕ ಬಂದರೆ ಕಂಪ್ಯೂಟರಿಗೆ ಅದು ‘ಎಚ್’ ಥರ ಕಾಣಿಸುತ್ತದೆ. ಹಾಗಾಗಿ ಕಥಾನಾಯಕನ ಹೆಸರೇ ಎಷ್ಟೋ ಕಡೆ ಕೆಟ್ಟಿದೆ. ‘ಆರ್’ ಮತ್ತು ‘ಎನ್’ ಸೇರಿದ ಕಡೆ ‘ಎಂ’ ಆಗಿದೆ. ಅವನು ಹಿಂದಕ್ಕೆ ತಿರುಗಿದ ಅನ್ನುವ ಜಾಗದಲ್ಲೆಲ್ಲ ಅರ್ಥವಿಲ್ಲದ ಒಂದು ಪದ ಕೂತಿದೆ. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವಾಗ ಪತ್ರಿಕೆಯಲ್ಲಿ ಖಾಲಿ ಸಾಲು ಇತ್ತು. ಇಲ್ಲಿ ಅದು ಹೋಗಿದೆ. ಖ್ಲಿತ್ ಗುಡಾರದಲ್ಲಿ ಮಾತಾಡುತ್ತಿದ್ದವನು ಮುಂದಿನ ಸಾಲಿನಲ್ಲಿ ಬೆಟ್ಟದ ದಾರಿಯಲ್ಲಿದ್ದಾನೆ. ಗುಟ್ಟು, ಮೋಸ, ವೇಷ ಇವುಗಳ ಮೇಲೆ ನಿಂತ ಕಥೆ ಇದು. ಯಾರು ಎಲ್ಲಿದ್ದಾರೆ ಅಂತಲೇ ತಿಳಿಯದಿದ್ದರೆ ಉಳಿಯುವುದೇನು? ಅರ್ಧಕ್ಕೆ ಬಿಟ್ಟೆ. ತಪ್ಪು ಲ್ಯಾಂಬ್‌ನದು ಅಂತ ಎರಡು ತಿಂಗಳು ಅಂದುಕೊಂಡಿದ್ದೆ. ಆ ಪ್ರತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ. ಎಷ್ಟು ಜನ ಇಂಥದ್ದೊಂದನ್ನು ಕೊಂಡು, ‘ಓ, ಹಳೆ ಪಲ್ಪ್ ಕಥೆ ಅಂದ್ರೆ ಇಷ್ಟೇ’ ಅಂತ ಬದಿಗಿಟ್ಟಿರಬಹುದು!

ಒಂದು ಮಾತು ಸೇರಿಸಬೇಕು. ಆರ್ಡರ್ ಮೇಲೆ ಅಚ್ಚು ಹಾಕುವುದೇ ತಪ್ಪಲ್ಲ. ಆಲ್ಟಸ್ ಪ್ರೆಸ್ ಅಂತ ಇದ್ದು 2020ರಲ್ಲಿ ಸ್ಟೀಗರ್ ಬುಕ್ಸ್ ಅಂತ ಹೆಸರು ಬದಲಿಸಿಕೊಂಡ ಪ್ರಕಾಶನವೂ ಸಣ್ಣದೇ. ಅವರ ‘ಆರ್ಗೊಸಿ ಲೈಬ್ರರಿ’ ಮಾಲೆಯಲ್ಲಿ ಯಾರೂ ನೆನಪಿಟ್ಟುಕೊಳ್ಳದ ಎಷ್ಟೋ ಲೇಖಕರು ಮತ್ತೆ ಬಂದಿದ್ದಾರೆ. ಅದರಲ್ಲಿ ಎರಡು ಪುಸ್ತಕ ಓದಿದೆ, ಅಕ್ಷರ ಅಚ್ಚುಕಟ್ಟಾಗಿತ್ತು. ಯಂತ್ರ ಯಾವುದಾದರೂ ಇರಲಿ, ಅಚ್ಚಿಗೆ ಹೋಗುವ ಮುಂಚೆ ಒಬ್ಬ ಮನುಷ್ಯ ಕೂತು ಓದಬೇಕು.

ಎರಡನೆಯದು ಅಮೆರಿಕದ ಡಬಲ್‌ಡೇ ಪ್ರಕಾಶನ 1964ರಲ್ಲಿ ತಂದ ‘ದ ಕರ್ವ್ಡ್ ಸೇಬರ್’. ಲ್ಯಾಂಬ್ ತೀರಿಕೊಂಡು ಎರಡು ವರ್ಷದ ಮೇಲೆ ಬಂದ ಪುಸ್ತಕ. 1969ರಲ್ಲಿ ‘ದ ಮೈಟಿ ಮ್ಯಾನ್‌ಸ್ಲೇಯರ್’ ಅಂತ ಇನ್ನೊಂದು ಬಂತು. ಮೊದಲನೆಯದು ಸ್ನೇಹಿತರ ಹತ್ತಿರ ಇತ್ತು, ಒಂದು ವಾರಕ್ಕೆ ಕೊಟ್ಟರು. ಗಟ್ಟಿ ರಟ್ಟು, ದೊಡ್ಡ ಅಕ್ಷರ, ಕಣ್ಣಿಗೆ ಹಿತ. ಆದರೆ ಎರಡೂ ಪುಸ್ತಕ ಸೇರಿಸಿದರೂ ಖ್ಲಿತ್‌ನ ಎಲ್ಲ ಕಥೆಗಳು ಇಲ್ಲ. ಸಂಗ್ರಹ ಮಾಡುವವರಿಗೆ ಇದು ಬೇಕು. ಓದುವವರು ಹುಡುಕಿಕೊಂಡು ಹೋಗುವಷ್ಟಿಲ್ಲ.

ಮೂರನೆಯದು ನೆಬ್ರಾಸ್ಕ ವಿಶ್ವವಿದ್ಯಾಲಯ ಮುದ್ರಣಾಲಯದ ಬೈಸನ್ ಬುಕ್ಸ್ ತಂದ ನಾಲ್ಕು ಸಂಪುಟ. 2006 ಮತ್ತು 2007ರಲ್ಲಿ ಬಂದವು. ‘ವುಲ್ಫ್ ಆಫ್ ದ ಸ್ಟೆಪ್ಸ್’ ಮೊದಲು, ಆಮೇಲೆ ‘ವಾರಿಯರ್ಸ್’, ‘ರೈಡರ್ಸ್’, ‘ಸ್ವೋರ್ಡ್ಸ್’. ಸಂಪಾದಕ ಹೋವರ್ಡ್ ಆಂಡ್ರ್ಯೂ ಜೋನ್ಸ್. ಈತ ಸ್ವತಃ ಕಾದಂಬರಿಕಾರ. ಲ್ಯಾಂಬ್ ಕಥೆಗಳ ಮೇಲಿನ ಪ್ರೀತಿಗಾಗಿ ವರ್ಷಗಟ್ಟಲೆ ‘ಅಡ್ವೆಂಚರ್’ ಸಂಚಿಕೆಗಳನ್ನು ಹುಡುಕಿ ಒಟ್ಟು ಮಾಡಿದವರು. 2025ರಲ್ಲಿ ತೀರಿಕೊಂಡರು. ಅವರು ಇಲ್ಲದಿದ್ದರೆ ಖ್ಲಿತ್ ಇಡಿಯಾಗಿ ಪುಸ್ತಕದೊಳಗೆ ಬರುತ್ತಲೇ ಇರಲಿಲ್ಲವೇನೋ. ನನಗೆ ಅವರ ಋಣ ದೊಡ್ಡದು.

ಈ ಸಂಪುಟಗಳಲ್ಲಿ ಕಥೆಗಳು ಬರೆದ ಕ್ರಮದಲ್ಲೇ ಇವೆ. ಇದು ಸಣ್ಣ ವಿಷಯ ಅಂತ ಮೊದಲು ಅನ್ನಿಸಿತ್ತು. ಓದಿದ ಮೇಲೆ ಗೊತ್ತಾಯಿತು, ಇದೇ ಮುಖ್ಯ. ಮೊದಲ ಕಥೆಯಲ್ಲಿ ಲ್ಯಾಂಬ್ ಇನ್ನೂ ಕೈ ಪಳಗಿಸಿಕೊಳ್ಳುತ್ತಿದ್ದಾನೆ. ಕಥೆ ಚಿಕ್ಕದು, ಸುಮ್ನೆ ಒಂದು ಉಪಾಯ, ಒಂದು ಹೊಡೆದಾಟ. ನಾಲ್ಕನೆಯದಾದ ‘ಅಲಮೂತ್’ ಹೊತ್ತಿಗೆ ಕೈ ಕುದುರಿದೆ. ಪರ್ಷಿಯಾದ ಬೆಟ್ಟದ ಕೋಟೆ, ಅದರೊಳಗೆ ಕೊಲೆಗಡುಕರ ಪಂಥ, ಒಳಗೆ ಹೋದ ಮುದುಕ ಕೊಸಾಕ್ ಹೊರಗೆ ಬರುವುದು ಹೇಗೆ ಅನ್ನುವ ಆತಂಕ. ನಿಜವಾದ ಅಲಮೂತ್ ಕೋಟೆ 1256ರಲ್ಲೇ ಹುಲಗು ಖಾನನ ಮಂಗೋಲರ ಕೈಸೇರಿತ್ತು. ಖ್ಲಿತ್‌ನ ಕಾಲಕ್ಕೆ ಅದಾಗಿ ಮುನ್ನೂರು ವರ್ಷ ದಾಟಿದೆ. ಲ್ಯಾಂಬ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆ ಪಂಥ ಗುಟ್ಟಾಗಿ ಉಳಿದಿದ್ದರೆ ಅನ್ನುವ ಊಹೆಯ ಮೇಲೆ ಕಥೆ ಕಟ್ಟಿದ್ದಾನೆ. ಇತಿಹಾಸ ಬಲ್ಲವನು ಬೇಕಂತಲೇ ಅದರ ಗೆರೆ ದಾಟುವಾಗ ಸಿಗುವ ಖುಷಿ ಬೇರೆಯದೇ.

ಎರಡನೇ ಸಂಪುಟದಲ್ಲಿ ಖ್ಲಿತ್ ಮೊಗಲರ ಭಾರತಕ್ಕೆ ಬರುತ್ತಾನೆ. ಅಬ್ದುಲ್ ದೋಸ್ತ್ ಎಂಬ ಮುಸ್ಲಿಂ ಯೋಧ ಜೊತೆಯಾಗುತ್ತಾನೆ. ಈ ಅಬ್ದುಲ್ ದೋಸ್ತ್ ತಾನೇ ನಾಯಕನಾಗಿರುವ ಕಥೆಗಳೂ ಅದೇ ಸಂಪುಟದಲ್ಲಿವೆ. ನೂರು ವರ್ಷದ ಹಿಂದಿನ ಅಮೆರಿಕದ ಪತ್ರಿಕೆಯಲ್ಲಿ ಒಬ್ಬ ಏಷ್ಯಾದ ಮನುಷ್ಯ ಬಂಟನೂ ಅಲ್ಲ, ಖಳನೂ ಅಲ್ಲ, ತನ್ನ ಮಾನ ತನ್ನ ಬುದ್ಧಿ ಇರುವ ನಾಯಕ. ಇದು ಆಗ ಅಪರೂಪ. ಹಾಗಂತ ಎಲ್ಲವೂ ಸರಿ ಅನ್ನುವುದಿಲ್ಲ. ‘ದ ಬ್ರೈಡ್ ಆಫ್ ಜಗನ್ನಾಥ್’ ಕಥೆ ನಮಗೆ ಚುಚ್ಚುತ್ತದೆ. ದೇವಸ್ಥಾನದ ಬಗ್ಗೆ ಹಳೆಯ ಐರೋಪ್ಯ ಪ್ರವಾಸಿಗಳ ಕಣ್ಣಲ್ಲೇ ನೋಡಿದ್ದಾನೆ, ಪೂಜೆಯ ಒಳಗೆ ಇಣುಕುವ ಪ್ರಯತ್ನವೇ ಇಲ್ಲ. ಕೊಸಾಕರ, ತಾರ್ತರರ ನಂಬಿಕೆಗಳಿಗೆ ಕೊಟ್ಟ ತಾಳ್ಮೆಯನ್ನು ಇಲ್ಲಿ ಕೊಟ್ಟಿಲ್ಲ. ಮರುಮುದ್ರಣದಲ್ಲಿ ಆ ಕಥೆಯನ್ನು ಕೈಬಿಟ್ಟಿಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಲೇಖಕ ಎಲ್ಲಿ ಎಡವಿದ ಅಂತ ನಾವೇ ನೋಡಬೇಕು.

ತೊಂದರೆಗಳೂ ಇವೆ. ಮೊದಲ ಸಂಪುಟವೇ ಸುಮಾರು 600 ಪುಟ. ಪೇಪರ್‌ಬ್ಯಾಕ್ ಆದ್ದರಿಂದ ಮಲಗಿಕೊಂಡು ಓದಿದರೆ ಕೈ ನೋಯುತ್ತದೆ, ಬೆನ್ನು ಬಾಗಿ ಗೆರೆ ಬೀಳುತ್ತದೆ. ಪತ್ರಿಕೆಯ ಚಿತ್ರಗಳು ಇಲ್ಲ. ಇಲ್ಲಿಗೆ ತರಿಸಿಕೊಂಡರೆ ದುಬಾರಿ. ನಾಲ್ಕನ್ನೂ ಒಟ್ಟಿಗೆ ಕೊಳ್ಳಲು ನನ್ನಿಂದ ಆಗಲಿಲ್ಲ, ಒಂದೂವರೆ ವರ್ಷದಲ್ಲಿ ಒಂದೊಂದಾಗಿ ತರಿಸಿದೆ.

ಇನ್ನು ನಾಲ್ಕನೆಯದು. ಇಂಟರ್ನೆಟ್ ಆರ್ಕೈವ್‌ನಲ್ಲಿ ‘ಅಡ್ವೆಂಚರ್’ ಪತ್ರಿಕೆಯ ಹಳೆಯ ಸಂಚಿಕೆಗಳ ಸ್ಕ್ಯಾನ್ ಸಾಕಷ್ಟು ಇವೆ, ಪುಕ್ಕಟೆ. ಇದು ಮರುಮುದ್ರಣ ಅಲ್ಲ, ಮೂಲವೇ. ಆದರೂ ಹೋಲಿಕೆಯಲ್ಲಿ ಇದನ್ನು ಬಿಡಲಾರೆ. ಫೋನಿನಲ್ಲಿ ಓದಲು ಆಗುವುದಿಲ್ಲ. ಎರಡು ಕಾಲಂ, ಸಣ್ಣ ಅಕ್ಷರ, ಪ್ರತಿ ಪುಟಕ್ಕೂ ಹಿಗ್ಗಿಸು, ಸರಿಸು. ಟ್ಯಾಬ್ಲೆಟ್‌ನಲ್ಲಿ ಪರವಾಗಿಲ್ಲ. ಕೆಲವು ಸಂಚಿಕೆಗಳಲ್ಲಿ ಪುಟ ಹರಿದಿದೆ, ಅಂಚಿನ ಪದಗಳು ಮಡಿಕೆಯೊಳಗೆ ಹೋಗಿವೆ.

ಆದರೆ ಅಲ್ಲಿ ‘ಕ್ಯಾಂಪ್ ಫೈರ್’ ಇದೆ. ಸಂಚಿಕೆಯ ಹಿಂದಿನ ಪುಟಗಳಲ್ಲಿ ಬರುತ್ತಿದ್ದ ಓದುಗರ ಮತ್ತು ಲೇಖಕರ ಜಗಲಿ ಅದು. 1910ರಲ್ಲಿ ಶುರುವಾದ ಪತ್ರಿಕೆಗೆ 1912ರಿಂದ 1927ರವರೆಗೆ ಆರ್ಥರ್ ಸಲಿವಂಟ್ ಹಾಫ್‌ಮನ್ ಸಂಪಾದಕ. ಹೊಸ ಲೇಖಕನ ಕಥೆ ಬಂದರೆ ಅವನು ಇಲ್ಲಿ ಎದ್ದು ನಿಂತು ತನ್ನ ಪರಿಚಯ ಹೇಳಿಕೊಳ್ಳುವುದು ಪದ್ಧತಿ. ಓದುಗರಲ್ಲಿ ನಾವಿಕರು, ಸೈನಿಕರು, ಗಣಿ ಕೆಲಸದವರು ಇದ್ದರು. ಒಂದು ಬಂದೂಕಿನ ವಿವರ ತಪ್ಪಿದರೂ ಕಾಗದ ಬರುತ್ತಿತ್ತು. ಪರದೇಶದಲ್ಲಿ ಒಂಟಿಯಾಗಿ ಸತ್ತರೆ ಮನೆಯವರಿಗೆ ಸುದ್ದಿ ಮುಟ್ಟಲಿ ಅಂತ ಪತ್ರಿಕೆ ಓದುಗರಿಗೆ ಸಂಖ್ಯೆ ಇರುವ ಗುರುತಿನ ಚೀಟಿ ಕೊಡುತ್ತಿತ್ತು. ಆ ಪ್ರಕಟಣೆ ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಸಾಹಸ ಕಥೆ ಅವರಿಗೆ ಸುಮ್ಮನೆ ಹೊತ್ತು ಕಳೆಯುವ ವಸ್ತುವಾಗಿರಲಿಲ್ಲ. ಅವರಲ್ಲಿ ಎಷ್ಟೋ ಜನ ಹಾಗೇ ಬದುಕುತ್ತಿದ್ದರು.

ಲ್ಯಾಂಬ್ ಇಲ್ಲಿ ತನ್ನ ಆಕರಗಳ ಬಗ್ಗೆ, ಯಾವುದು ಇತಿಹಾಸ ಯಾವುದು ತನ್ನ ಕಲ್ಪನೆ ಅನ್ನುವುದರ ಬಗ್ಗೆ ಬರೆಯುತ್ತಿದ್ದ. ಬೈಸನ್ ಸಂಪುಟಗಳ ಕೊನೆಯಲ್ಲಿ ಆ ಪತ್ರಗಳನ್ನು ಆಯ್ದು ಕೊಟ್ಟಿದ್ದಾರೆ. ಉಳಿದ ಎರಡು ಪ್ರತಿಗಳಿಂದ ಅದನ್ನು ಬೇರೆ ಮಾಡುವುದು ಇದೇ. ಬೇರೆ ಲೇಖಕರಿಗೂ ಈ ಜಗಲಿ ಬೇಕು. ಭಾರತದಲ್ಲಿ ಕೆಲಕಾಲ ಇದ್ದ ಟಾಲ್ಬಟ್ ಮಂಡಿ 1925ರಲ್ಲಿ ‘ಟ್ರೋಸ್’ ಕಥೆಗಳಲ್ಲಿ ಜೂಲಿಯಸ್ ಸೀಸರನನ್ನು ಕ್ರೂರಿಯಾಗಿ ತೋರಿಸಿದಾಗ ‘ಕ್ಯಾಂಪ್ ಫೈರ್’ನಲ್ಲಿ ದೊಡ್ಡ ಜಗಳವೇ ಆಯಿತು. ಆ ಜಗಳ ಇಲ್ಲದೆ ‘ಟ್ರೋಸ್’ ಓದಿದರೆ ಅರ್ಧ ರುಚಿ ಹೋಗುತ್ತದೆ.

ಒಂದೇ ಕೊಳ್ಳುವುದಾದರೆ ‘ವುಲ್ಫ್ ಆಫ್ ದ ಸ್ಟೆಪ್ಸ್’ ಕೊಳ್ಳಿ. ದುಡ್ಡು ಈಗ ಇಲ್ಲ ಅಂದರೆ ಸ್ಕ್ಯಾನ್‌ನಲ್ಲೇ ಶುರು ಮಾಡಿ, ಕಣ್ಣಿಗೆ ಕಷ್ಟವಾದರೂ ಮೋಸವಿಲ್ಲ. ಅಗ್ಗದ ಪ್ರತಿ ಕಣ್ಣಿಗೆ ಬಿದ್ದರೆ ಮೊದಲು ಒಳಗಿನ ಎರಡು ಪುಟ ಓದಿ ನೋಡಿ. ಮೂಲ ಪತ್ರಿಕೆಯ ಹೆಸರು, ವರ್ಷ ಹಾಕಿಲ್ಲದಿದ್ದರೆ ಅದನ್ನು ಯಾರೂ ಮೂಲದ ಜೊತೆ ಇಟ್ಟು ನೋಡಿಲ್ಲ ಅಂತಲೇ ತಿಳಿಯಿರಿ.

ಲ್ಯಾಂಬ್ ತೀರಿಕೊಂಡಿದ್ದು 1962ರಲ್ಲಿ. ನಮ್ಮ ಕಾಯ್ದೆಯಲ್ಲಿ ಹಕ್ಕು ಇರುವುದು ಲೇಖಕ ತೀರಿಕೊಂಡ ಮೇಲೆ 60 ವರ್ಷ. ಅಂದರೆ 2023ರ ಜನವರಿಯಿಂದ ಈ ಕಥೆಗಳನ್ನು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ಹೊಸ ಪೀಠಿಕೆಗಳು ಈಗಿನವರದ್ದು, ಅವುಗಳನ್ನು ಮುಟ್ಟುವಂತಿಲ್ಲ. ‘ಅಲಮೂತ್’ ಕಥೆಯನ್ನು ಕನ್ನಡಕ್ಕೆ ಮಾಡಲು ಶುರು ಮಾಡಿದ್ದೇನೆ. ಮೇಜಿನ ಎಡಕ್ಕೆ ಬೈಸನ್ ಸಂಪುಟ, ಬಲಕ್ಕೆ ಟ್ಯಾಬ್ಲೆಟ್‌ನಲ್ಲಿ 1918ರ ಪುಟ. ಇಪ್ಪತ್ತು ಪುಟ ಸಾಲು ಸಾಲಾಗಿ ಇಟ್ಟು ನೋಡಿದೆ. ಇದುವರೆಗೆ ಅನುಮಾನ ಬಂದ ಕಡೆಯಲ್ಲೆಲ್ಲ ಪುಸ್ತಕವೇ ಸರಿಯಾಗಿತ್ತು. ಈಗ ಸಿಕ್ಕಿಹಾಕಿಕೊಂಡಿರುವುದು ಕತ್ತಿಯ ಹತ್ತಿರ. ‘ಖಡ್ಗ’ ಅಂದರೆ ನನ್ನ ಕಣ್ಣ ಮುಂದೆ ನೇರವಾದದ್ದು ಬರುತ್ತದೆ, ಖ್ಲಿತ್‌ನದು ಬಾಗಿದ್ದು. ಸದ್ಯಕ್ಕೆ ‘ತಲವಾರ್’ ಅಂತ ಬರೆದು ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಹಾಕಿಟ್ಟಿದ್ದೇನೆ.