ಅರಮನೆ ದೀಪ ನೋಡಿಕೊಂಡು ಬಂಡೀಪುರಕ್ಕೆ ಹೊರಡಬೇಡಿ

ಬೆಳಿಗ್ಗೆ ಬೆಂಗಳೂರು ಬಿಟ್ಟು, ಶ್ರೀರಂಗಪಟ್ಟಣ, ಮೈಸೂರು ನೋಡಿ, ರಾತ್ರಿಗೆ ಬಂಡೀಪುರ ದಾಟಿ ಮಸಿನಗುಡಿಯಲ್ಲೋ ಊಟಿಯಲ್ಲೋ ಉಳಿಯೋದು. ಸೋಮವಾರ ರಜೆ ಸಿಕ್ಕಿದರೆ ಎಷ್ಟೋ ಮನೆಗಳಲ್ಲಿ ಹಾಕುವ ಪ್ಲಾನ್ ಇದು. ಕೆಡುವ ಜಾಗವೂ ಪ್ರತಿ ಸಲ ಒಂದೇ.

ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಸ್ಥಾನ ಮುಗಿಯುವಾಗ ಮಧ್ಯಾಹ್ನ ಒಂದೂವರೆ. ಊಟ ಮಾಡಿ, ಚಪ್ಪಲಿ ಬಿಡುವ ಸಾಲಲ್ಲಿ ನಿಂತು, ಅರಮನೆ ಸುತ್ತಿ ಹೊರಬರುವಾಗ ಐದೂವರೆ. ಆಗಲೇ ಹೊರಟರೂ ಹೇಗೋ ಆಗುತ್ತದೆ. ಆದರೆ ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಮಕ್ಕಳು ಬಿಡೋದಿಲ್ಲ. ದೀಪ ನೋಡಿ, ಪಾರ್ಕಿಂಗ್‌ನಿಂದ ಗಾಡಿ ತೆಗೆಯುವಾಗ ಎಂಟು. ಗುಂಡ್ಲುಪೇಟೆಯೇ ಅಲ್ಲಿಂದ ಸುಮಾರು 60 ಕಿ.ಮೀ. ಅದನ್ನೂ ದಾಟಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ತಲುಪುವಷ್ಟರಲ್ಲಿ ಗೇಟ್ ಬಿದ್ದಿರುತ್ತದೆ.

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ 2009ರಲ್ಲಿ ಬಂದ ನಿಯಮ, ಬರಲೇಬೇಕಿದ್ದ ನಿಯಮ. ಮಸಿನಗುಡಿಯಲ್ಲಿ ರೂಮ್ ಬುಕ್ ಆಗಿದೆ ಅಂತ ರಸೀದಿ ತೋರಿಸಿದರೂ ಬಿಡೋದಿಲ್ಲ. ಕಣ್ಣೆದುರೇ ಒಂದು ಸರ್ಕಾರಿ ಬಸ್ಸು ಒಳಗೆ ಹೋಗುತ್ತದೆ, ಅದನ್ನು ನೋಡಿ ಜನ ಗಾರ್ಡ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಆಂಬುಲೆನ್ಸ್‌ಗೂ ಗೊತ್ತುಮಾಡಿದ ಕೆಲವೇ ಬಸ್ಸುಗಳಿಗೂ ವಿನಾಯಿತಿ ಇದೆ, ಕಾರಿಗಿಲ್ಲ. ಹಿಂದಿನ ಸೀಟಲ್ಲಿ ಹಸಿದು ಮಲಗಿದ ಮಕ್ಕಳನ್ನು ಇಟ್ಟುಕೊಂಡು ಗುಂಡ್ಲುಪೇಟೆಗೆ ವಾಪಸ್ ಬಂದರೆ, ರಜೆಯ ವಾರಾಂತ್ಯದಲ್ಲಿ ಲಾಡ್ಜ್ ಸಿಗೋದೇ ಕಷ್ಟ.

ಸುತ್ತಿಕೊಂಡು ಹೋಗೋಣ ಅನ್ನುವ ಆಸೆಯೂ ಬೇಡ. ಚಾಮರಾಜನಗರದಿಂದ ದಿಂಬಂ ಘಾಟ್ ಇಳಿದು ಸತ್ಯಮಂಗಲಕ್ಕೆ ಹೋಗುವ ದಾರಿಗೂ ರಾತ್ರಿ ನಿರ್ಬಂಧವಿದೆ. ಎಚ್.ಡಿ. ಕೋಟೆ ಕಡೆಯ ಬಾವಲಿ ರಸ್ತೆಯಂತೂ ಸಂಜೆ 6ಕ್ಕೇ ಮುಚ್ಚುತ್ತದೆ. ದೀಪ ನೋಡಲೇಬೇಕಿದ್ದರೆ ಅವತ್ತು ಮೈಸೂರಲ್ಲೇ ಉಳಿಯಿರಿ. ಇಲ್ಲವಾದರೆ ನಾಲ್ಕೂವರೆಗೆ ಮೈಸೂರು ಬಿಟ್ಟು, ಬೆಳಕಿರುವಾಗಲೇ ಗೇಟ್ ದಾಟಿ. ಕಾಡೊಳಗೆ ಹಂಪ್‌ಗಳು ಒಂದರ ಹಿಂದೊಂದು, ವೇಗದ ಲೆಕ್ಕ ಅಲ್ಲಿ ನಡೆಯೋದಿಲ್ಲ.

ಊಟಿ, ಮಸಿನಗುಡಿ ಇರುವ ನೀಲಗಿರಿ ಜಿಲ್ಲೆಗೆ ಇ-ಪಾಸ್ (ಆನ್‌ಲೈನಲ್ಲಿ ತೆಗೆಯುವ ಪ್ರವೇಶ ಪತ್ರ) ಬೇಕು, 2024ರ ಮೇ 7ರಿಂದ. ಗಡಿಯಲ್ಲಿ ನೆಟ್‌ವರ್ಕ್ ನಂಬಬೇಡಿ, ಮನೆಯಲ್ಲೇ ತೆಗೆದು ಪ್ರಿಂಟ್ ಇಟ್ಟುಕೊಳ್ಳಿ. ಒಂದು, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ಗಾಡಿಯಲ್ಲಿ ಸಿಕ್ಕಿದರೆ ದಂಡ. ಸ್ಟೀಲ್ ಬಾಟಲಿ, ಕ್ಯಾನ್ ಒಯ್ಯಿರಿ.

ಇನ್ನು ಕಲ್ಲಟ್ಟಿ ಘಾಟ್. ಮಸಿನಗುಡಿಯಿಂದ ಊಟಿಗೆ 36 ಹೇರ್‌ಪಿನ್ ತಿರುವು, ದೂರ ಕಡಿಮೆ, ಏರು ಭಯಂಕರ. ಹೊರಗಿನ ಗಾಡಿಗಳಿಗೆ ಹತ್ತಲು ಬಿಟ್ಟರೂ ಇಳಿಯಲು ಬಿಡೋದಿಲ್ಲ, ಗೂಡಲೂರು ಮೇಲೇ ಬರಬೇಕು. ಮ್ಯಾಪ್ ಮಾತ್ರ ಹತ್ತಿರದ ದಾರಿ ಅಂತ ಕಲ್ಲಟ್ಟಿಯನ್ನೇ ತೋರಿಸಬಹುದು. ಇಳಿಜಾರಿನುದ್ದಕ್ಕೂ ಬ್ರೇಕ್ ತುಳಿದೇ ಬಂದರೆ ಪ್ಯಾಡ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತದೆ. ಐದು ಜನ, ತುಂಬಿದ ಡಿಕ್ಕಿ ಇದ್ದರೆ ಇನ್ನೂ ಬೇಗ.

ಗೂಡಲೂರು ದಾರಿಯಲ್ಲೂ ಎರಡನೇ ಗೇರಲ್ಲೇ ಇಳಿಯಿರಿ, ತಿರುವು ಕಡಿದಾಗಿದ್ದರೆ ಒಂದನೆಯದು. ಆಟೋಮ್ಯಾಟಿಕ್ ಆದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುವಲ್‌ಗೆ ಹಾಕಿ. ಸುಟ್ಟ ವಾಸನೆ ಬಂತೋ, ಸಮತಟ್ಟಾದ ಕಡೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಬೇಡ. ಗಾಡಿ ಗೇರಲ್ಲಿರಲಿ (ಆಟೋಮ್ಯಾಟಿಕ್ ಆದರೆ ಪಿ), ಚಕ್ರಕ್ಕೆ ಕಲ್ಲು ಕೊಡಿ. ಹೊರಡುವ ಮುಂಚೆ ಇಂಜಿನ್ ಚಾಲೂ ಮಾಡಿ, ನಿಂತಲ್ಲೇ ಪೆಡಲ್ ಒತ್ತಿ ನೋಡಿ. ಇನ್ನೂ ಮೆತ್ತಗಿದ್ದರೆ ಗಾಡಿ ತೆಗೆಯಬೇಡಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.