ಲಾ ಸ್ಪೆಜಿಯಾದಲ್ಲಿ ಹಡಗು ನಿಂತರೆ: ರೈಲು, ದೋಣಿ, ಬಸ್ಸು – ಯಾವುದು ಹತ್ತಬೇಕು?

ಮೆಡಿಟರೇನಿಯನ್ ಕ್ರೂಸ್‌ಗೆ ಹೋಗುವ ನಮ್ಮವರು ಈಗ ಜಾಸ್ತಿಯಾಗಿದ್ದಾರೆ. ಅವರಲ್ಲಿ ಬಹಳ ಜನ ಇಟಲಿಯ ಲಾ ಸ್ಪೆಜಿಯಾ ಬಂದರಿನಲ್ಲಿ ಇಳಿದು ನೇರವಾಗಿ ಫ್ಲಾರೆನ್ಸ್ ಬಸ್ ಹತ್ತುತ್ತಾರೆ. ರಸ್ತೆಯಲ್ಲಿ ಹೋಗಿ ಬರುವುದಕ್ಕೇ ಸುಮಾರು ನಾಲ್ಕು ಗಂಟೆ ಬೇಕು. ಉಳಿದ ಸ್ವಲ್ಪ ಹೊತ್ತಿನಲ್ಲಿ ಫ್ಲಾರೆನ್ಸ್‌ನಂಥ ಊರನ್ನು ನೋಡಿದೆವು ಎನ್ನುವುದು ಹೇಗೆ? ಬಂದರಿನ ಮಗ್ಗುಲಲ್ಲೇ, ಅರ್ಧ ಗಂಟೆಯ ದಾರಿಯಲ್ಲಿ, ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕರಾವಳಿ ಇದೆ. ಚಿಂಕ್ವೆ ತೆರ್ರೆಯ ಐದು ಹಳ್ಳಿಗಳು, ಪೋರ್ತೊವೆನೆರೆ, ಎದುರಿನ ಪಾಲ್ಮಾರಿಯಾ ಮುಂತಾದ ದ್ವೀಪಗಳು ಎಲ್ಲಾ ಸೇರಿ ಒಂದೇ ತಾಣ. ಅಲ್ಲಿಗೆ ಹೋಗಲು ಯಾರ ಗುಂಪೂ ಬೇಡ, ಯಾರ ಬಾವುಟದ ಹಿಂದೆ ನಡೆಯುವುದೂ ಬೇಡ.

ಸ್ವಂತವಾಗಿ ಹೋಗಲು ಮೂರು ದಾರಿ ಇವೆ. ರೈಲು, ದೋಣಿ, ಬಸ್ಸು. ಬೇರೆ ಬೇರೆ ಪ್ರವಾಸಗಳಲ್ಲಿ ನಾನು ಮೂರನ್ನೂ ಹಿಡಿದಿದ್ದೇನೆ. ಒಮ್ಮೆ ಗಂಡನ ಜೊತೆ, ಒಮ್ಮೆ ಮಂಡಿನೋವಿನ ಅಮ್ಮನ ಜೊತೆ. ಯಾರ ಜೊತೆ ಹೋಗುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಮೊದಲು ಎಲ್ಲರಿಗೂ ಬೇಕಾದ ಮಾತು. ಬಂದರಿನ ಒಳಗೆ ನಡೆದು ಹೋಗಲು ಬಿಡುವುದಿಲ್ಲ. ಹಡಗಿನಿಂದ ಗೇಟಿನವರೆಗೆ ಶಟಲ್ ಬಸ್ ಕರೆದೊಯ್ಯುತ್ತದೆ. ಅಲ್ಲಿಂದ ಊರೊಳಗೆ ಕಾಲಿಟ್ಟ ಹಾಗೆಯೇ. ದೋಣಿ ಹೊರಡುವ ಮೊರಿನ್ ವಾಯುವಿಹಾರದ ದಾರಿ ತೀರಾ ಹತ್ತಿರ. ರೈಲು ನಿಲ್ದಾಣ ಇಪ್ಪತ್ತು ಇಪ್ಪತ್ತೈದು ನಿಮಿಷದ ನಡಿಗೆ. ವಿಯಾ ದೆಲ್ ಪ್ರಿಯೋನೆ ಎಂಬ ವಾಹನವಿಲ್ಲದ ಅಂಗಡಿಬೀದಿ ಹಿಡಿದು ಹೋದರೆ ದಾರಿ ತಪ್ಪುವ ಭಯವಿಲ್ಲ. ಕೊನೆಯಲ್ಲಿ ಸ್ವಲ್ಪ ಏರು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆಳಗಿಳಿಯಲು ಶೆಂಗೆನ್ ವೀಸಾ ಬೇಕು. ಹಡಗು ನಡುವೆ ಟುನೀಷಿಯಾದಂಥ ದೇಶಕ್ಕೂ ಹೋಗುವುದಾದರೆ ಮಲ್ಟಿಪಲ್ ಎಂಟ್ರಿ ವೀಸಾನೇ ಆಗಬೇಕು. ಇದನ್ನು ಟಿಕೆಟ್ ಬುಕ್ ಮಾಡುವ ಮುಂಚೆಯೇ ನೋಡಿಕೊಳ್ಳಿ.

ಈಗ ರೈಲು. ಲಾ ಸ್ಪೆಜಿಯಾ ಮತ್ತು ಲೆವಾಂತೊ ನಡುವೆ ಚಿಂಕ್ವೆ ತೆರ್ರೆ ಎಕ್ಸ್‌ಪ್ರೆಸ್ ಓಡುತ್ತದೆ. ಸೀಸನ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಸಿಗುತ್ತದೆ. ಮೊದಲ ಹಳ್ಳಿ ರಿಯೊಮಜ್ಜೋರೆಗೆ ಎಂಟು ನಿಮಿಷ ಸಾಕು. ಆಮೇಲೆ ಮನರೋಲಾ, ಕೊರ್ನಿಲಿಯಾ, ವೆರ್ನಾಜ್ಜಾ, ಕೊನೆಗೆ ಮೊಂತೆರೊಸ್ಸೊ. ಕೊನೆಯ ಹಳ್ಳಿಗೂ ಅರ್ಧ ಗಂಟೆ ಹಿಡಿಯುವುದಿಲ್ಲ. 1870ರ ದಶಕದಲ್ಲಿ ಈ ರೈಲು ಬರುವವರೆಗೆ ಇಲ್ಲಿನವರು ನೆರೆಯೂರಿಗೆ ಹೋಗಬೇಕೆಂದರೆ ಬೆಟ್ಟ ಹತ್ತಿ ಇಳಿಯಬೇಕಿತ್ತು, ಇಲ್ಲವೇ ದೋಣಿ ಹತ್ತಬೇಕಿತ್ತು. ಬಂಡೆ ಕೊರೆದು ಕೊರೆದು ಹಳಿ ಹಾಕಿದ್ದಾರೆ. ಹಾಗಾಗಿ ದಾರಿಯುದ್ದಕ್ಕೂ ಸುರಂಗ. ಕಿಟಕಿ ಪಕ್ಕದ ಸೀಟಿಗಾಗಿ ಪರದಾಡಬೇಡಿ, ಕಾಣುವುದು ಕತ್ತಲೆ, ನಡುವೆ ಒಂದೊಂದು ಚಣ ನೀಲಿ.

ಟಿಕೆಟ್ ಲೆಕ್ಕ ಹೀಗಿದೆ. ಒಂದು ಸಲದ ಪ್ರಯಾಣಕ್ಕೆ ಸೀಸನ್‌ನಲ್ಲಿ ದಿನ ನೋಡಿಕೊಂಡು 5ರಿಂದ 10 ಯೂರೋ. ದೂರ ಎಷ್ಟಾದರೂ ಅದೇ ದರ. ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಿಳಿಯುವ ಚಿಂಕ್ವೆ ತೆರ್ರೆ ಕಾರ್ಡ್ ಕೂಡ ಇದೆ. ನಾಲ್ಕು ಸಲವಾದರೂ ಹತ್ತುವುದಾದರೆ ಅದೇ ಲಾಭ. ಕಾಗದದ ಟಿಕೆಟ್ ತೆಗೆದುಕೊಂಡರೆ ಪ್ಲಾಟ್‌ಫಾರ್ಮ್ ಬಳಿಯ ಸಣ್ಣ ಯಂತ್ರದಲ್ಲಿ ತೂರಿಸಿ ಮೊಹರು ಹಾಕಿಸಿಕೊಂಡೇ ಹತ್ತಬೇಕು. ಟಿಕೆಟ್ ಕೈಯಲ್ಲಿದ್ದರೂ ಮೊಹರಿಲ್ಲದಿದ್ದರೆ ದಂಡ.

ರೈಲಿನಲ್ಲಿ ಹೋಗುವವರಿಗೆ ನನ್ನದು ಒಂದೇ ಕೋರಿಕೆ. ಐದೂ ಹಳ್ಳಿ ಮುಗಿಸುತ್ತೇವೆ ಅನ್ನಬೇಡಿ. ಐದರಲ್ಲಿ ಇಳಿದರೆ ಐದು ಪ್ಲಾಟ್‌ಫಾರ್ಮ್, ಐದು ನೂಕುನುಗ್ಗಲು, ಐದು ಫೋಟೋ, ಅಷ್ಟೇ. ಎರಡು ಆರಿಸಿಕೊಳ್ಳಿ. ನಾವು ಆರಿಸಿದ್ದು ವೆರ್ನಾಜ್ಜಾ ಮತ್ತು ಮನರೋಲಾ. ಬೆಳಗ್ಗೆ ಮೊದಲು ದೂರದ ವೆರ್ನಾಜ್ಜಾಕ್ಕೆ ಹೋಗಿ, ವಾಪಸ್ ಬರುತ್ತಾ ಮನರೋಲಾದಲ್ಲಿ ಇಳಿದೆವು. ಹತ್ತು ಗಂಟೆಯ ಹೊತ್ತಿಗೆ ಗುಂಪುಗಳು ಬಂದು ತುಂಬಿಕೊಳ್ಳುತ್ತವೆ. ಅದಕ್ಕಿಂತ ಮುಂಚೆ ವೆರ್ನಾಜ್ಜಾದ ಪುಟ್ಟ ಬಂದರಿನ ಕಟ್ಟೆಯ ಮೇಲೆ ಕೂತರೆ ಊರಿನ ಸ್ವಂತ ಸದ್ದು ಕೇಳಿಸುತ್ತದೆ. ಪಾತ್ರೆ ತೊಳೆಯುವ ಸದ್ದು, ಅಂಗಡಿ ಬಾಗಿಲು ಎತ್ತುವ ಸದ್ದು, ಸಾಂತ ಮಾರ್ಗರಿತಾ ಚರ್ಚಿನ ಗಂಟೆ.

ಈ ಊರಿನ ಮುಖ್ಯಬೀದಿಯಲ್ಲಿ ನಡೆಯುವಾಗ ಒಂದು ವಿಷಯ ನೆನಪಿರಲಿ. 2011ರ ಅಕ್ಟೋಬರ್ 25ರಂದು ಸುರಿದ ಮಳೆಗೆ ಬೆಟ್ಟದ ಮಣ್ಣು ಕಲ್ಲು ಎಲ್ಲಾ ಇದೇ ಬೀದಿಗೆ ನುಗ್ಗಿತು. ಕೆಳಗಿನ ಮಹಡಿಗಳು ಪೂರ್ತಿ ಹೂತು ಹೋದವು. ಜೀವಗಳೂ ಹೋದವು. ಮೊಂತೆರೊಸ್ಸೊ ಗತಿಯೂ ಅದೇ ಆಯಿತು. ಬೆಟ್ಟಕ್ಕೆ ಕಟ್ಟಿರುವ ಕಲ್ಲಿನ ಒಡ್ಡುಗಳನ್ನು ಮೇಲೆ ಕಣ್ಣೆತ್ತಿ ನೋಡಿ. ಗಾರೆಯಿಲ್ಲದೆ, ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಶತಮಾನಗಳ ಕಾಲ ಕಟ್ಟಿದ ಮೆಟ್ಟಿಲು ಗದ್ದೆಗಳವು. ಅದರಲ್ಲಿ ದ್ರಾಕ್ಷಿ, ಆಲಿವ್, ನಿಂಬೆ ಬೆಳೆಯುತ್ತಾರೆ. ನೋಡಿಕೊಳ್ಳುವ ಕೈಗಳು ಕಡಿಮೆಯಾದಂತೆ ಒಡ್ಡು ಕುಸಿಯುತ್ತದೆ, ಒಡ್ಡು ಕುಸಿದರೆ ಬೆಟ್ಟವೇ ಜಾರುತ್ತದೆ. ಬಣ್ಣದ ಮನೆಗಳ ಫೋಟೋ ಎಲ್ಲರೂ ತೆಗೆಯುತ್ತಾರೆ. ಆ ಮನೆಗಳನ್ನು ನಿಲ್ಲಿಸಿರುವುದು ಈ ಒಡ್ಡುಗಳು.

ಮನರೋಲಾದಲ್ಲಿ ಬಂದರಿನ ಬಲಗಡೆಯ ದಾರಿ ಹಿಡಿದು ಪುಂತಾ ಬೊನ್‌ಫಿಲಿಯೊ ಎಂಬ ಮೂಲೆಗೆ ಹೋದರೆ ಎಲ್ಲರೂ ನೋಡಿರುವ ಆ ಪ್ರಸಿದ್ಧ ನೋಟ ಎದುರಿಗೆ ಬರುತ್ತದೆ. ಚಿತ್ರದಲ್ಲಿ ನೋಡಿದ್ದಕ್ಕಿಂತ ಊರು ಚಿಕ್ಕದು. ಬಂಡೆ ಮಾತ್ರ ದೊಡ್ಡದು.

ಕೊರ್ನಿಲಿಯಾವನ್ನು ಕ್ರೂಸ್ ದಿನ ಬಿಟ್ಟುಬಿಡಿ. ಅದು ಸಮುದ್ರದಿಂದ ನೂರು ಮೀಟರ್ ಮೇಲಿದೆ. ನಿಲ್ದಾಣದಿಂದ ಊರಿಗೆ 380ರ ಆಸುಪಾಸಿನ ಮೆಟ್ಟಿಲು. ಮಿನಿಬಸ್ ಇದೆ, ಆದರೆ ಅದಕ್ಕಾಗಿ ಕಾಯುವಷ್ಟು ಹೊತ್ತು ನಮ್ಮ ಹತ್ತಿರ ಇರಲ್ಲ ಅಲ್ವಾ? ಮೊಂತೆರೊಸ್ಸೊಗೆ ಹೋಗುವುದು ಸಮುದ್ರದಲ್ಲಿ ಆಡಬೇಕು ಅನ್ನುವ ಮಕ್ಕಳಿದ್ದರೆ. ಹೇಳಿಕೊಳ್ಳುವಂಥ ಮರಳಿನ ತೀರ ಇರುವುದು ಅಲ್ಲೇ. ಇನ್ನು ರಿಯೊಮಜ್ಜೋರೆ, ಮನರೋಲಾ ನಡುವಿನ ವಿಯಾ ದೆಲ್ಲಮೋರೆ ಎಂಬ ಬಂಡೆದಾರಿ. 2012ರಲ್ಲಿ ಕಲ್ಲು ಉರುಳಿ ಮುಚ್ಚಿದ್ದು 2024ರಲ್ಲಿ ತೆರೆಯಿತು. ಬೇರೆ ಟಿಕೆಟ್, ನಿಗದಿಯಾದ ಹೊತ್ತು. ಶಟಲ್ ಸಾಲು ಎಷ್ಟುದ್ದ ಇರುತ್ತದೋ ಗೊತ್ತಿಲ್ಲದ ನಮಗೆ ಹೊತ್ತು ಮೊದಲೇ ಕಾಯ್ದಿರಿಸುವುದು ಕಷ್ಟ.

ದೋಣಿಯಲ್ಲಿ ಎಲ್ಲವೂ ತಿರುವುಮುರುವು. ರೈಲು ಊರು ತೋರಿಸುತ್ತದೆ, ದಾರಿ ತೋರಿಸುವುದಿಲ್ಲ. ದೋಣಿಯಲ್ಲಿ ದಾರಿಯೇ ಊಟ. ಮಾರ್ಚ್ ಕೊನೆಯಿಂದ ನವೆಂಬರ್ ಮೊದಲವರೆಗೆ ಓಡುತ್ತವೆ. ಲಾ ಸ್ಪೆಜಿಯಾದಿಂದ ಹೊರಟು ಮೊದಲು ಪೋರ್ತೊವೆನೆರೆ ಮುಟ್ಟುತ್ತವೆ. ಅಲ್ಲಿಂದ ಪಾಲ್ಮಾರಿಯಾ ದ್ವೀಪಕ್ಕೂ ಊರಿಗೂ ನಡುವಿನ ಕಿರಿದಾದ ಕಾಲುವೆಯಲ್ಲಿ ನುಸುಳಿ ತೆರೆದ ಕಡಲಿಗೆ ಬರುತ್ತವೆ. ಆ ತಿರುವಿನಲ್ಲಿ ಸಾನ್ ಪಿಯೆತ್ರೊ ಚರ್ಚು ಬಂಡೆಯ ತುದಿಯಲ್ಲಿ ತಲೆಯ ಮೇಲೇ ಬಂದು ನಿಲ್ಲುತ್ತದೆ. ನಾನು ಮೂರೂ ದಾರಿಯಲ್ಲಿ ನೋಡಿದ್ದರಲ್ಲಿ ಇಷ್ಟು ಎದೆ ತುಂಬಿದ ಗಳಿಗೆ ಇನ್ನೊಂದಿಲ್ಲ. ಆಮೇಲೆ ನೆಟ್ಟಗೆ ನಿಂತ ಬಂಡೆಗೋಡೆ, ಅದರ ಮೇಲೆ ದ್ರಾಕ್ಷಿಯ ಒಡ್ಡುಗಳು, ಸುಗ್ಗಿಯಲ್ಲಿ ಹಣ್ಣಿನ ಬುಟ್ಟಿ ಇಳಿಸುವ ಒಂಟಿ ಹಳಿಯ ಗಾಡಿದಾರಿ. ಮನುಷ್ಯರು ಇಲ್ಲಿ ಯಾಕೆ ಊರು ಕಟ್ಟಿದರು, ಹೇಗೆ ಬದುಕಿದರು ಅನ್ನುವುದು ನೀರಿನಿಂದ ನೋಡಿದಾಗಲೇ ಅರ್ಥವಾಗುವುದು.

ಆದರೆ ತೊಂದರೆಗಳೂ ಇವೆ. ಮೊಂತೆರೊಸ್ಸೊ ತಲುಪಲು ಹತ್ತಿರ ಹತ್ತಿರ ಎರಡು ಗಂಟೆ. ರೈಲಿನ ಕಾರ್ಡಿಗಿಂತ ದುಬಾರಿ. ಒಂದು ದೋಣಿ ಬಿಟ್ಟರೆ ಇನ್ನೊಂದಕ್ಕೆ ಬಹಳ ಕಾಯಬೇಕು. ಕೊರ್ನಿಲಿಯಾದಲ್ಲಿ ದಕ್ಕೆಯೇ ಇಲ್ಲ. ರಿಯೊಮಜ್ಜೋರೆ, ಮನರೋಲಾದಲ್ಲಿ ಬಂಡೆಗೆ ಮೂತಿ ತಾಗಿಸಿ ಒಂದು ಸಣ್ಣ ಹಲಗೆ ಇಡುತ್ತಾರೆ. ಅಲೆ ಏರಿಳಿದಂತೆ ಹಲಗೆಯೂ ಏರಿಳಿಯುತ್ತದೆ. ಕೈಹಿಡಿದು ಇಳಿಸುವ ಹುಡುಗರು ಇರುತ್ತಾರೆ, ಆದರೂ ಅಮ್ಮನನ್ನು ಅಲ್ಲಿ ಇಳಿಸುವ ಧೈರ್ಯ ನನಗಿಲ್ಲ. ಎಲ್ಲಕ್ಕಿಂತ ದೊಡ್ಡದು ಗಾಳಿ. ದಡದಲ್ಲಿ ಬಿಸಿಲು ಚೆನ್ನಾಗಿದ್ದರೂ ಹೊರಗಡಲು ಎದ್ದಿದ್ದರೆ ದೋಣಿ ನಿಲ್ಲಿಸುತ್ತಾರೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದು, ದಕ್ಕೆಯ ಸೂಚನಾ ಫಲಕಕ್ಕೆ ರದ್ದು ಅಂತ ಚೀಟಿ ಅಂಟಿಸಿದ್ದನ್ನು ನಾವೇ ನೋಡಿದ್ದೇವೆ. ನಾವು ರೈಲಿಗೆ ಹೋದೆವು, ತೊಂದರೆಯಾಗಲಿಲ್ಲ. ಹಾಗಾಗಿ ನನ್ನ ತೀರ್ಮಾನ ಗಟ್ಟಿ: ಹೋಗುವಾಗ ದೋಣಿ, ಬರುವಾಗ ರೈಲು. ಎರಡೂ ಕಡೆಯ ದೋಣಿ ಟಿಕೆಟ್ ತೆಗೆದುಕೊಳ್ಳಬೇಡಿ.

ಬಸ್ಸಿನ ವಿಷಯವನ್ನು ಯಾರೂ ಹೇಳುವುದಿಲ್ಲ. ಹೇಳಬೇಕು, ಯಾಕೆಂದರೆ ನನ್ನ ಮನಸ್ಸು ಗೆದ್ದಿದ್ದು ಅದೇ. ಪೋರ್ತೊವೆನೆರೆಗೆ ರೈಲಿಲ್ಲ. ಬಹುಶಃ ಅದಕ್ಕೇ ಅಲ್ಲಿ ಜನ ಕಡಿಮೆ. ಲಾ ಸ್ಪೆಜಿಯಾ ಊರೊಳಗಿಂದ ಸಾಮಾನ್ಯ ಸಿಟಿ ಬಸ್ ಅರ್ಧ ಗಂಟೆಯಲ್ಲಿ ಮುಟ್ಟಿಸುತ್ತದೆ. ದೊಡ್ಡ 'ಟಿ' ಫಲಕ ಇರುವ ತಂಬಾಕಿನ ಅಂಗಡಿಯಲ್ಲಿ ಟಿಕೆಟ್ ಸಿಗುತ್ತದೆ. ಹೋಗುವಾಗ ಎಡಗಡೆ ಕೂತುಕೊಳ್ಳಿ. ಮೊದಲು ನೌಕಾಪಡೆಯ ಉದ್ದನೆ ಗೋಡೆ, ಆಮೇಲೆ ಫೆಜ್ಜಾನೊ, ಲೆ ಗ್ರಾತ್ಸಿಯೆ ಎಂಬ ಪುಟ್ಟ ಕೊಲ್ಲಿಗಳು ಒಂದಾದ ಮೇಲೊಂದು ತೆರೆದುಕೊಳ್ಳುತ್ತವೆ. ಬಸ್ಸಿನಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯರು, ಸ್ಕೂಲ್ ಮಕ್ಕಳು. ಅಮ್ಮನಿಗೆ ತಕ್ಷಣ ಒಬ್ಬ ಹುಡುಗ ಎದ್ದು ಸೀಟು ಕೊಟ್ಟ.

ಊರು ಒಂದೇ ಗುಕ್ಕಿನಲ್ಲಿ ಹಿಡಿಯುವಷ್ಟಿದೆ. ನೀರಿನಂಚಿಗೆ ಎತ್ತರದ ಸಪೂರ ಬಣ್ಣದ ಮನೆಗಳ ಸಾಲು. ಒಂದಕ್ಕೊಂದು ಅಂಟಿಕೊಂಡು ಕೋಟೆಗೋಡೆಯೇ ಆಗಿವೆ. ಅದರ ಹಿಂದೆ ಒಂದು ಓಣಿ, ಮೇಲೆ ದೋರಿಯಾ ಕೋಟೆ, ತುದಿಯಲ್ಲಿ ಸಾನ್ ಪಿಯೆತ್ರೊ. ಹದಿಮೂರನೇ ಶತಮಾನದ ಕಪ್ಪುಬಿಳಿ ಪಟ್ಟೆಗಳ ಕಟ್ಟಡ, ಒಳಗೆ ಅದಕ್ಕೂ ಹಳೆಯ ಭಾಗವಿದೆ. ನೀರಿನಂಚಿನ ದಾರಿಯಲ್ಲಿ ಏರು ಕಡಿಮೆ. ಅಮ್ಮ ನಿಧಾನವಾಗಿ ನಡೆದು, ಚರ್ಚಿನ ಪಕ್ಕದ ಕಮಾನುಗಳ ಕೆಳಗೆ ಬಹಳ ಹೊತ್ತು ಕೂತರು. ಅಲ್ಲಿಂದ ಚಿಂಕ್ವೆ ತೆರ್ರೆ ಕಡೆಯ ಬಂಡೆಗಳು ಸಾಲಾಗಿ ಕಾಣುತ್ತವೆ. ಕೆಳಗಿನ ಪುಟ್ಟ ಕೊಲ್ಲಿಗೆ ಕವಿ ಬೈರನ್ ಹೆಸರು. ಆತ ಇಲ್ಲಿಂದ ಲೆರಿಚಿಗೆ ಈಜಿದ ಎಂದು ಒಂದು ಕಲ್ಲಿನ ಫಲಕ ಹೇಳುತ್ತದೆ. ಆತನ ಗೆಳೆಯ, ಕವಿ ಶೆಲ್ಲಿ, ಲಾ ಸ್ಪೆಜಿಯಾದ ದೊಡ್ಡ ಕೊಲ್ಲಿಯ ಎದುರು ದಡದಲ್ಲಿ, ಲೆರಿಚಿಯ ಕಡೆ, ಮನೆ ಮಾಡಿದ್ದ. 1822ರಲ್ಲಿ ಲಿವೊರ್ನೊದಿಂದ ಹಾಯಿದೋಣಿಯಲ್ಲಿ ಆ ಮನೆಗೆ ಹೊರಟವನು ಬಿರುಗಾಳಿಗೆ ಸಿಕ್ಕಿ ತೀರಿಕೊಂಡ. ಆ ದೊಡ್ಡ ಕೊಲ್ಲಿಯನ್ನು ಕವಿಗಳ ಕೊಲ್ಲಿ ಎಂದು ಕರೆಯುವುದು ಅದಕ್ಕೇ. ಕೋಟೆಗೆ ಮಾತ್ರ ಮೆಟ್ಟಿಲು ಕಡಿದು. ನಾನೊಬ್ಬಳೇ ಹತ್ತಿ ಬಂದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಕಿಲ್ಲ. ಈ ಪ್ರಾಂತ್ಯದ ಹೆಸರು ಲಿಗೂರಿಯಾ. ಇಲ್ಲಿನ ಫರಿನಾತಾ ಎಂದರೆ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ದೊಡ್ಡ ತಾಮ್ರದ ತಟ್ಟೆಯಲ್ಲಿ ಕಟ್ಟಿಗೆ ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಅಮ್ಮ ಮೊದಲ ತುತ್ತಿಗೇ ಹಿಟ್ಟು ಯಾವುದೆಂದು ಹೇಳಿದರು, ಎರಡನೇ ತುಂಡೂ ಕೇಳಿದರು. ಲಾ ಸ್ಪೆಜಿಯಾದ್ದೇ ಆದ ಮೆಶುವಾ ಎಂಬ ಸಾರಿನಲ್ಲಿ ಕಡಲೆ, ಬಿಳಿ ಅವರೆಯಂಥ ಕಾಳು, ಗೋಧಿ ಬೆಂದಿರುತ್ತವೆ. ಮೇಲೆ ಎಣ್ಣೆ, ಮೆಣಸು. ಬಂದರಿನ ಕೂಲಿಗಳು ಚೀಲದಿಂದ ಉದುರಿದ ಕಾಳು ಆರಿಸಿ ಬೇಯಿಸಿದ್ದರಿಂದ ಹುಟ್ಟಿತು ಎಂದು ಅಲ್ಲಿಯವರು ಹೇಳುತ್ತಾರೆ. ಪೆಸ್ತೊ ಎಂಬ ಹಸಿರು ಚಟ್ನಿ ಹುಟ್ಟಿದ ಸೀಮೆಯಿದು, ಆದರೆ ಅದರಲ್ಲಿ ಚೀಸ್ ಇರುತ್ತದೆ, ಕಟ್ಟುನಿಟ್ಟಿನವರು ಕೇಳಿಕೊಳ್ಳಿ. ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್ ತೆಗೆದುಕೊಳ್ಳುವಾಗ ಅಚ್ಚೂಗೆ ಇದೆಯಾ ಎಂದು ಕೇಳಿ. ಅದು ಮೊಂತೆರೊಸ್ಸೊದ ಹೆಸರಾಂತ ಸಣ್ಣ ಮೀನು.

ಹಡಗಿನವರ ಟೂರ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಅವರ ಗುಂಪು ತಡವಾದರೆ ಹಡಗು ಕಾಯುತ್ತದೆ, ನಾವು ತಡವಾದರೆ ಕಾಯುವುದಿಲ್ಲ. ಇಟಲಿಯಲ್ಲಿ ರೈಲು ಮುಷ್ಕರ ಸಾಮಾನ್ಯ. ಫಲಕದಲ್ಲಿ ಶೋಪೆರೊ ಎಂದು ಬರೆದಿರುತ್ತಾರೆ. ಕೆಲಸದ ದಿನ ಮುಷ್ಕರವಿದ್ದರೂ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಮುಖ್ಯ ಸ್ಥಳೀಯ ರೈಲುಗಳು ಓಡಲೇಬೇಕು. ಆದರೆ ನಾವು ನೆಲದ ಮೇಲಿರುವುದು ಸರಿಯಾಗಿ ಆ ನಡುವಿನ ಹೊತ್ತಿನಲ್ಲೇ. ಮುಷ್ಕರದ ದಿನಾಂಕ ಮುಂಚೆಯೇ ಪ್ರಕಟವಾಗುತ್ತದೆ, ಹಿಂದಿನ ರಾತ್ರಿ ಹಡಗಿನಲ್ಲೇ ನೋಡಿಕೊಳ್ಳಿ. ಅಂಥ ದಿನ ದೋಣಿ, ಇಲ್ಲವೇ ಸುಮ್ನೆ ಲಾ ಸ್ಪೆಜಿಯಾದ ಕವೂರ್ ಚೌಕದ ಮಾರುಕಟ್ಟೆ. ಅದೂ ಚೆನ್ನಾಗಿದೆ.

ಅಕ್ಕ, ಭಾವ ಮುಂದಿನ ಸಲ ಹೊರಟಿದ್ದಾರೆ. ಇಬ್ಬರಿಗೂ ಕಾಲು ಗಟ್ಟಿಯಿದೆ. ಅವರಿಗೆ ನಾನು ಬರೆದುಕೊಟ್ಟಿದ್ದು ಮೂರನ್ನೂ ಸೇರಿಸಿದ ದಾರಿ. ಬೆಳಗಿನ ಮೊದಲ ದೋಣಿ ಹತ್ತಿ ಪೋರ್ತೊವೆನೆರೆಯಲ್ಲಿ ಇಳಿಯಿರಿ. ಸಾನ್ ಪಿಯೆತ್ರೊ ನೋಡಿ, ಕಾಫಿ ಕುಡಿದು, ಕಡಲನ್ನು ನೋಡಿ. ಶಾಂತವಾಗಿದ್ದರೆ ಮುಂದಿನ ದೋಣಿಯಲ್ಲಿ ವೆರ್ನಾಜ್ಜಾ, ಅಲ್ಲಿಂದ ರೈಲಿನಲ್ಲಿ ವಾಪಸ್. ಕಡಲು ಎದ್ದಿದ್ದರೆ ಮುಂದೆ ಹೋಗಬೇಡಿ, ಅಲ್ಲೇ ಊಟ ಮಾಡಿ ಬಸ್ ಹಿಡಿಯಿರಿ. ಯಾವ ದಾರಿಯಾದರೂ ಹಡಗು ಹತ್ತಬೇಕಾದ ಕೊನೆಯ ಹೊತ್ತಿಗೆ ಎರಡು ಗಂಟೆ ಮುಂಚೆ ಲಾ ಸ್ಪೆಜಿಯಾ ಊರಲ್ಲಿ ಇರಬೇಕು. ನಿಲ್ದಾಣದಿಂದ ಗೇಟಿಗೆ ನಡಿಗೆ, ಆಮೇಲೆ ಶಟಲ್ ಸಾಲು. ಸಂಜೆ ಆ ಸಾಲು ಬೆಳಗಿನದಕ್ಕಿಂತ ಉದ್ದ ಇರುತ್ತದೆ.